ಮಾವನ ಗಂಟಲಿನಲ್ಲಿ ಕೂಡಿಸಿದ ಗಾಡಿ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಾನು ಮಾತಿಗೆ ಕೂತರೆ ಎಲ್ಲರ ದನಿಯನ್ನೂ ಅಣಕಿಸಿ, ನಗಿಸಿ, ತಪ್ಪು ಯಾರದೆನ್ನುವುದೇ ಕೇಳುವವರಿಗೆ ಮರೆತುಹೋಗುವಂತೆ ಮಾಡುತ್ತೇನೆ. ಅದು ನನ್ನ ಹಳೇ ಚಾಳಿ. ಆದ್ದರಿಂದ ಕೇಳಿ: ಆಪರೇಷನ್ನಾಗಿ ಮಾತು ನಿಂತುಹೋಗಿದ್ದ ನಮ್ಮ ಸೋದರಮಾವನ ದನಿಯಲ್ಲಿ ಊರೂರಿಗೆ ಫೋನು ಮಾಡಿ, ಅವನ ಹಳೇ ಬೈಕಿನ ಸಾಮಾನುಗಳನ್ನು ವಾಪಸು ತರಿಸಿದವನು ನಾನು. ಸಾಮಾನೆಲ್ಲ ಬಂತು. ಗಾಡಿ ಎದ್ದು ನಿಂತಿತು. ಯಾರನ್ನು ಕೂರಿಸಿಕೊಂಡು ಹೋಗಬೇಕೆಂದು ಮಾವ ಅದನ್ನು ಕಟ್ಟಿದನೋ ಅವಳು ಮಾತ್ರ ಅದರ ಮೇಲೆ ಕೂರಲಿಲ್ಲ.

ಮಂಡ್ಯದ ಒಂದು ಆರ್ಕೆಸ್ಟ್ರಾದಲ್ಲಿ ನಾನು ಮಿಮಿಕ್ರಿಯವನು. ಅಂದರೆ ಹಾಡುಗಾರ ನೀರು ಕುಡಿಯಲು ಹೋದಾಗ ಜನ ಎದ್ದುಹೋಗದಿರಲಿ ಎಂದು ವೇದಿಕೆಗೆ ತಳ್ಳುವ ಪ್ರಾಣಿ. ಮಳವಳ್ಳಿ ಬಸ್ಸಿನ ಕಂಡಕ್ಟರು, ಕರೆಂಟು ಯಾವಾಗ ಬರುತ್ತದೆಂದು ಕೇಳಿದರೆ ಉರಿದುಬೀಳುವ ಲೈನ್‌ಮನ್ನು, ತಿಥಿಯ ಮಂತ್ರದ ನಡುವೆ ಮೊಬೈಲಿನಲ್ಲಿ ಮುಂದಿನ ಮನೆಯವರಿಗೆ ಟೈಮು ಕೊಡುವ ಪುರೋಹಿತರು, ಗಾಳಿ ಎಳೆಯುವ ಬೋರ್‌ವೆಲ್ಲಿನ ಮೋಟರು, ಎಲ್ಲರೂ ನನ್ನ ಗಂಟಲಲ್ಲಿದ್ದಾರೆ. ನನ್ನ ಸ್ವಂತ ದನಿಯೊಂದೇ ಯಾವ ಕೆಲಸಕ್ಕೂ ಬಂದಿಲ್ಲ. ಮೀಸೆ ಮೂಡುವಾಗ ಒಡೆದದ್ದು ಇನ್ನೂ ಸರಿಯಾಗಿ ಕೂಡಿಕೊಂಡಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿ ತನ್ನ ತಾಯಿಯನ್ನು ಮೆಲ್ಲಗೆ ಕೇಳಿದ್ದಳು, "ಇವ್ರು ಮಾತಾಡ್ತಾವ್ರಾ, ಯಾರನ್ನಾದ್ರೂ ಅಣಕಿಸ್ತಾವ್ರಾ?" ಸಂಬಂಧ ಅಲ್ಲಿಗೇ ಮುಗಿಯಿತು.

ಈ ಗಂಟಲು ಮೊಟ್ಟಮೊದಲು ಕದ್ದದ್ದು ಮಾವನ ದನಿಯನ್ನು. ಮಾವ ಎಂದರೆ ನಮ್ಮಮ್ಮನ ತಮ್ಮ. ಮದ್ದೂರಿನಲ್ಲಿ ಮಳವಳ್ಳಿ ರಸ್ತೆಯ ಪಕ್ಕ ಅವನದೊಂದು ಲೇತು ಅಂಗಡಿ. ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣದ ರೋಲರು ಸವೆಯಲಿ, ಬುಷ್ ಹೋಗಲಿ, ಎತ್ತಿಕೊಂಡು ಅವನ ಹತ್ತಿರವೇ ಬರಬೇಕು. ಲೇತು ಓಡುವಾಗ ಕೂಗಿ ಕೂಗಿ ಅಭ್ಯಾಸವಾಗಿ, ಲೇತು ನಿಂತ ಮೇಲೂ ಅವನು ಕೂಗಿಯೇ ಮಾತಾಡುತ್ತಿದ್ದ. "ನಿಮ್ ಮಾವ ಗುಟ್ಟು ಯೋಳುದ್ರೆ ಶಿವಪುರದಲ್ಲಿ ಉತ್ತರ ಕೊಡ್ತಾರೆ" ಎನ್ನುತ್ತಿದ್ದಳು ಅತ್ತೆ.

ಮನೆ ಅಂಗಡಿಯ ಹಿಂದಿನ ಓಣಿಯ ಕೊನೆಗೆ. ದಿನಾ ಮಧ್ಯಾಹ್ನ ಮಾವ ಕೈಯಿನ ಗ್ರೀಸು ಒರೆಸಿಕೊಳ್ಳುತ್ತಾ ಹಿಂಬಾಗಿಲಿಗೆ ಬಂದು ಒಂದು ಕೂಗು ಹಾಕುತ್ತಿದ್ದ: "ಲೇ ಇವ್ಳೇ, ಎಸ್ರಿಕ್ಕೂ!" ಮುದ್ದೆಗೆ ನೀರಿಡು, ಬಂದೆ ಎಂದು. ಓಣಿಯ ಆ ತುದಿಯಿಂದ ಉತ್ತರ ಬರುತ್ತಿತ್ತು: "ಇಕ್ಕಿವ್ನಿ, ಬನ್ನೀ!" ಮನೆಮನೆಗೆ ಮೊಬೈಲು ಬಂದ ಮೇಲೂ ಈ ಕೂಗು ನಿಲ್ಲಲಿಲ್ಲ. ಅಕ್ಕಪಕ್ಕದ ಅಂಗಡಿಯವರು ಅದನ್ನು ಕೇಳಿಯೇ ಊಟಕ್ಕೆ ಏಳುತ್ತಿದ್ದರು. ಅತ್ತೆಯ ನಿಜವಾದ ಹೆಸರನ್ನು ಮಾವನ ಬಾಯಲ್ಲಿ ಯಾರೂ ಕೇಳಿದವರಿಲ್ಲ. 'ಲೇ ಇವ್ಳೇ' ಎನ್ನುವುದೇ ಅವಳ ಹೆಸರು.

ಚಿಕ್ಕವನಿದ್ದಾಗ ರಜೆಗೆ ಬಂದರೆ ನಾನು ಓಣಿಯ ನಡುವೆ ನಿಂತು ಅದೇ ಕೂಗು ಹಾಕುತ್ತಿದ್ದೆ. ಅತ್ತೆ ಎಸರಿಟ್ಟು, ಕಾದು, ನೀರೆಲ್ಲ ಇಂಗಿ, ಕೊನೆಗೆ ಮುದ್ದೆ ತೊಳಸುವ ಕೋಲು ಹಿಡಿದು ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದಳು. ಸಿಕ್ಕಿದರೆ ಹೊಡೆಯುತ್ತಿರಲಿಲ್ಲ. "ನನ್ ಗಂಡನ್ ಗಂಟ್ಲೂ ಬುಡಲ್ವಲ್ಲೋ ಕಳ್ಳನನ್ಮಗ್ನೆ" ಎಂದು ತಲೆಗೆ ಮೊಟಕಿ, ಇಂಗಿದ ಎಸರಿಗೆ ಇನ್ನಷ್ಟು ನೀರು ಹುಯ್ಯುತ್ತಿದ್ದಳು. ಆಗ ಅದು ಆಟ.

ಇನ್ನು ಗಾಡಿಯ ಸಂಗತಿ. ಮೈಸೂರಿನಲ್ಲೇ ತಯಾರಾಗುತ್ತಿದ್ದ, ಎರಡು ಸೈಲೆನ್ಸರಿನ, ಗೇರಿನ ಕೋಲನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯಬೇಕಾದ ಹಳೇ ಬೈಕು ಅದು. ಮದುವೆಯಾದ ವರ್ಷ ಮಾವ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಮುತ್ತತ್ತಿಯ ಆಂಜನೇಯನ ಗುಡಿಗೆಂದು ಹೊರಟನಂತೆ. ಹಲಗೂರು ದಾಟಿ ಕಾಡಿನ ಇಳಿಜಾರು ಶುರುವಾಗುವಲ್ಲಿ ಅತ್ತೆಯ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಇಬ್ಬರೂ ಬಿದ್ದರು. ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆದರೆ ಧಾರೆ ಸೀರೆ ಕಡ್ಡಿಗಳಿಗೆ ಸುತ್ತಿಕೊಂಡು ಚಿಂದಿಯಾಯಿತು. ನದಿಯನ್ನೂ ನೋಡದೆ, ಗುಡಿಯನ್ನೂ ನೋಡದೆ, ಮಾವನ ಪಂಚೆಯನ್ನು ಮೇಲೆ ಹೊದ್ದುಕೊಂಡು ಅತ್ತೆ ಯಾವುದೋ ಟೆಂಪೋದಲ್ಲಿ ವಾಪಸು ಬಂದಳು. "ಮುಂದಿನ್ ವಾರ ಓಗನ" ಎಂದನಂತೆ ಮಾವ. ಆ ಮುಂದಿನ ವಾರ ಬರಲೇ ಇಲ್ಲ. ಅತ್ತೆಯೂ ಹಟದವಳು. ನೆಂಟರು ಎಷ್ಟೋ ಸಲ ವ್ಯಾನು ಮಾಡಿಕೊಂಡು ಮುತ್ತತ್ತಿಗೆ ಹೋದರು. ಕರೆದರೆ, "ಕರ್ಕೊಂಡೋಯ್ತೀನಿ ಅಂದೋರೇ ಕರ್ಕೊಂಡೋಗ್ಲಿ" ಎಂದು ಮನೆಯಲ್ಲೇ ಉಳಿದಳು.

ಅಷ್ಟರಲ್ಲಿ ಆ ಬೈಕು ತಯಾರಾಗುವುದೇ ನಿಂತುಹೋಯಿತು. ಅದನ್ನೇ ಇಟ್ಟುಕೊಂಡಿದ್ದ ಸುತ್ತಲಿನ ಜನ ಸಾಮಾನು ಸಿಗದೆ ಮಾವನ ಅಂಗಡಿಗೆ ಬರತೊಡಗಿದರು. ಕೂಗಿ ಕೂಗಿ ಮಾತಾಡುತ್ತಿದ್ದ ಆ ಬಾಯಿಗೆ 'ಇಲ್ಲ' ಎನ್ನುವ ಒಂದು ಮಾತು ಬರುತ್ತಿರಲಿಲ್ಲ. "ಸದ್ಯಕ್ಕೆ ಇದಾಕ್ಕೊಂಡೋಗು, ನಿಂಗೆ ಬ್ಯಾರೆ ಸಿಕ್ದಾಗ ತಂದ್ಕೊಡು" ಎಂದು ತನ್ನ ಗಾಡಿಯದನ್ನೇ ಬಿಚ್ಚಿ ಕೊಡುತ್ತಿದ್ದ. ಬೇರೆ ಯಾರಿಗೂ ಸಿಗಲಿಲ್ಲ, ಯಾರೂ ತಂದುಕೊಡಲಿಲ್ಲ. ಟ್ಯಾಂಕು ಕಿರುಗಾವಲಿಗೆ ಹೋಯಿತು. ಮುಂದಿನ ಚಕ್ರ ಶಿವಪುರದ ಒಬ್ಬ ಮೇಷ್ಟರ ಪಾಲಾಯಿತು. ಇಂಜಿನ್ನು ಮಂಡ್ಯಕ್ಕೂ ಮಳವಳ್ಳಿಗೂ ಹಂಚಿಹೋಯಿತು. ಹಿತ್ತಲಿನಲ್ಲಿ ಉಳಿದದ್ದು ಬರಿಯ ಫ್ರೇಮು. ಅದರ ಮೇಲೆ ಅತ್ತೆ ನೆಲ ಒರೆಸುವ ಬಟ್ಟೆ ಒಣಗಿಸುತ್ತಿದ್ದಳು. "ನಿಮ್ ಮಾವನ್ ಗಾಡಿ ಮೂರ್ ತಾಲ್ಲೂಕಲ್ಲೂ ಓಡ್ತಾ ಅದೆ ಕಣ್ಲಾ, ನಮ್ಮನೇಲೊಂದ್ ಬುಟ್ಟು" ಎಂದು ನನ್ನೆದುರು ಹೇಳಿ, ಮಾವನ ಕಡೆ ಓರೆಗಣ್ಣಲ್ಲಿ ನೋಡುತ್ತಿದ್ದಳು.

ಆಮೇಲೆ ಮಾವನಿಗೆ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ದೊಡ್ಡಾಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಮನೆಗೆ ಕಳಿಸುವಾಗ ಡಾಕ್ಟರು, ಅಭ್ಯಾಸ ಮಾಡಿದರೆ ಒಂದಿಷ್ಟು ದನಿ ಬಂದರೂ ಬರಬಹುದು ಎಂದರು. 'ಒಂದಿಷ್ಟು' ಎಂಬುದು ಮಾವನ ತಲೆಯಲ್ಲಿ ಉಳಿಯಿತು, 'ಬರಬಹುದು' ಎಂಬುದು ಅತ್ತೆಯ ತಲೆಯಲ್ಲಿ. ದಿನಾ ಬೆಳಿಗ್ಗೆ ಅವಳು ಕಾಫಿ ಲೋಟ ಮುಂದಿಟ್ಟು, "ಎಲ್ಲಿ, ಒಂದ್ಸಲ ಅ ಅನ್ನಿ" ಎನ್ನುತ್ತಿದ್ದಳು. ಮಾವ ಬಾಯಿ ತೆರೆಯುತ್ತಿದ್ದ. ಬಟ್ಟೆ ಉಬ್ಬುತ್ತಿತ್ತು, ಅಷ್ಟೇ. "ಓಗ್ಲಿ ಬುಡಿ, ನಾಳಿಕ್ ಬತ್ತದೆ" ಎಂದು ಲೋಟ ಕೈಗೆ ಕೊಡುತ್ತಿದ್ದಳು. ದನಿ ಬಂದರೆ ಮುತ್ತತ್ತಿಯ ಗುಡಿಗೆ ಒಂದು ಗಂಟೆ ಕಟ್ಟಿಸುತ್ತೇನೆಂದು ಹರಕೆ ಹೊತ್ತಳು. ಮಧ್ಯಾಹ್ನದ ಕೂಗು ನಿಂತುಹೋಗಿತ್ತಲ್ಲ, ಗಡಿಯಾರ ನೋಡಿ ಎಸರಿಡುವುದನ್ನು ಕಲಿತಳು.

ಮಾವ ಈಗ ಅಂಗಡಿಯ ಷಟರಿನ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮಾತಾಡುತ್ತಿದ್ದ. ಕಬ್ಬಿಣದ ಮೇಲೆ ಗುರುತು ಹಾಕಲು ಇಟ್ಟುಕೊಂಡಿದ್ದ ಸೀಮೆಸುಣ್ಣ ಅದು. ಮಂಡ್ಯದಿಂದ ದಿನಾ ಬಸ್ಸಿನಲ್ಲಿ ಬಂದು ಅವನ ಜೊತೆ ಕೂರುವುದು ನನ್ನ ಕೆಲಸವಾಯಿತು. ಒಂದು ದಿನ ಅವನು ಷಟರನ್ನು ಅರ್ಧಕ್ಕೆ ಎಳೆದು ದೊಡ್ಡ ಅಕ್ಷರದಲ್ಲಿ ಬರೆದ: "ಗಾಡಿ ಕೂಡ್ಸನ ಕಣ್ಲಾ. ಇವ್ಳ ಮುತ್ತತ್ತಿಗೆ ಕರ್ಕೊಂಡೋಗ್ಬೇಕು." ನಾನು ಓದಿದ್ದೇ ತಡ, ಅಂಗೈಯಲ್ಲಿ ಒರೆಸಿಬಿಟ್ಟ. ಅತ್ತೆಗೆ ಗೊತ್ತಾಗಬಾರದು. ಹಿತ್ತಲಿನ ಫ್ರೇಮನ್ನು ಗುಜರಿಗೆ ಹಾಕುವ ನೆಪ ಹೇಳಿ ಅಂಗಡಿಗೆ ಸಾಗಿಸಿದೆವು.

ಸಾಮಾನು ಎಲ್ಲೆಲ್ಲಿ ಹೋಗಿದೆಯೆಂದು ಅವನಿಗೆ ಬಾಯಿಪಾಠ. ಆ ಬಾಯಿ ಇರಲಿಲ್ಲ, ಪಾಠ ಇತ್ತು. ನಾನು ಮಾವನ ಮೊಬೈಲಿನಿಂದ ನನ್ನ ಒಡಕು ದನಿಯಲ್ಲೇ ಫೋನು ಮಾಡಿದೆ. "ಯಾರಪ್ಪ ನೀನು? ಅವರ್ಯಾಕೆ ಮಾಡಕಿಲ್ಲ?" ಎಂದರು ಒಬ್ಬರು. "ಅಣ್ಣನೇ ಕೇಳ್ಲಿ, ಕೊಡವ" ಎಂದರು ಇನ್ನೊಬ್ಬರು. ಆಪರೇಷನ್ ಆಗಿದೆ ಎಂದು ಹೇಳಿಬಿಡೋಣವೆಂದರೆ ಮಾವ ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆದ: "ಯೋಳ್ಬ್ಯಾಡ. ಅಯ್ಯೋ ಪಾಪ ಅನ್ನಿಸ್ಕೊಂಡು ಟ್ಯಾಂಕು ಬ್ಯಾಡ ನಂಗೆ."

ಆಗ ನನ್ನ ಗಂಟಲು ಕಡಿಯಿತು. ಕಿರುಗಾವಲಿನ ಅಂಗಡಿಯವನ ನಂಬರಿಗೆ ಮತ್ತೆ ಹಚ್ಚಿ, ಎದೆಯಿಂದ ದನಿ ಎತ್ತಿದೆ.

"ಲೇಯ್, ಎಂಗಿದ್ದೀಯಲಾ? ನನ್ ಟ್ಯಾಂಕು ಬೆಚ್ಗದಾ?"

ಆ ಕಡೆಯಿಂದ ಒಂದು ಚೀರಾಟ. "ಅಣ್ಣೋ! ಎಸ್ಟ್ ದಿನ ಆಗಿತ್ತಣ್ಣ ನಿನ್ ಬೈಗ್ಳ ಕೇಳಿ!"

"ಬೈಗ್ಳ ಆಮೇಲೆ. ನಾಳಿಕ್ಕೆ ಟ್ಯಾಂಕ ಬಸ್ಸಿಗಾಕು. ಇಲ್ದಿದ್ರೆ ನಾನೇ ಬಂದು ನಿನ್ನೂ ಸೇರ್ಸಿ ಬಸ್ಸಿಗಾಕ್ತೀನಿ."

ಫೋನು ಇಟ್ಟು ತಿರುಗಿದರೆ ಮಾವ ಸ್ಟೂಲಿನ ಮೇಲೆ ಮುಖ ಮುಚ್ಚಿಕೊಂಡಿದ್ದ. ಭುಜ ಕುಣಿಯುತ್ತಿತ್ತು. ಕತ್ತಿನ ಬಟ್ಟೆ ಪಟಪಟ ಹಾರುತ್ತಿತ್ತು. ಅಳುತ್ತಿದ್ದಾನೆಂದು ಹೆದರಿ ಕೈ ಸರಿಸಿದೆ. ನಗುತ್ತಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು. ಎದ್ದು ಹೋಗಿ ಬರೆದ: "ಇನ್ನೊಂದ್ ಮಾಡು."

ಹಾಗೆ ಶುರುವಾಯಿತು. ಯಾರನ್ನು ಹೇಗೆ ಬಯ್ಯಬೇಕೆಂದು ಅವನು ಬರೆಯುವುದು, ನಾನು ಬಯ್ಯುವುದು. ಕೆಲವು ಬೈಗುಳ ಷಟರಿನ ಮೇಲೆ ನೋಡಿದರೆ ನಾಚಿಕೆಯಾಗುತ್ತಿತ್ತು, ಅವನ ದನಿಯಲ್ಲಿ ಹೊರಗೆ ಬಂದರೆ ಮುದ್ದು ಮಾಡಿದಂತೆ ಕೇಳುತ್ತಿತ್ತು. ಟ್ಯಾಂಕು ಬಂತು. ಶಿವಪುರದ ಮೇಷ್ಟರು ಚಕ್ರವನ್ನು ತೊಳೆದು, ಕುಂಕುಮ ಇಟ್ಟು, ಆಟೋದಲ್ಲಿ ಕಳಿಸಿದರು.

ಬಾರದೇ ಉಳಿದದ್ದನ್ನು ಮಾವ ಮಾಡಿಕೊಂಡ. ಗಾಣದಿಂದ ಬಿಚ್ಚಿದ ಸವೆದ ಬುಷ್ಷನ್ನು ಲೇತಿಗೆ ಕೊಟ್ಟು ಕಡೆದು ಚಕ್ರಕ್ಕೆ ಕೂರಿಸಿದ. ಟ್ರಾಕ್ಟರಿನ ಡೀಸೆಲ್ ಪೈಪನ್ನು ಕೊಯ್ದು ಕಾಲಿಡುವ ಕಡ್ಡಿಗೆ ರಬ್ಬರು ಮಾಡಿದ. ಅಡುಗೆಮನೆಯ ಎಣ್ಣೆ ಡಬ್ಬವೊಂದು ಕಾಣೆಯಾಗಿ ಚೈನಿನ ಮುಚ್ಚಳವಾಯಿತು. ಒಂದು ಸೈಲೆನ್ಸರು ಸಿಕ್ಕಿತು, ಇನ್ನೊಂದನ್ನು ತಗಡು ಸುತ್ತಿ ಬೆಸೆದ. ನಾನು ಹಿಡಿದುಕೊಳ್ಳುವ ಕೆಲಸದವನು. ಸರಿಯಾಗಿ ಹಿಡಿಯದಿದ್ದರೆ ಸ್ಪಾನರಿನಿಂದ ನನ್ನ ಮಂಡಿಗೆ ಟಕ್ಕೆಂದು ಒಂದು. ಬೈಗುಳದ ಬದಲು ಅದು.

ಇವೆಲ್ಲಕ್ಕಿಂತ ಮೊದಲು, ಚಕ್ರಗಳೂ ಬರುವ ಮುಂಚೆ, ಅವನು ಮಾಡಿದ್ದು ಒಂದು ಸೀರೆ ಗಾರ್ಡು. ಹಿಂದೆ ಕೂತ ಹೆಂಗಸರ ಸೆರಗು ಚಕ್ರಕ್ಕೆ ಸಿಗದಂತೆ ಪಕ್ಕದಲ್ಲಿ ಹಾಕುವ ಕಂಬಿಗಳ ತಡೆ. ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಅವನು ಕೊಳ್ಳಲಿಲ್ಲ. ತೆಳ್ಳಗಿನ ಸರಳುಗಳನ್ನು ಕಾಯಿಸಿ, ಬಗ್ಗಿಸಿ, ಬಳ್ಳಿಯ ಹಂಬಿನ ಹಾಗೆ ಒಂದರೊಳಗೊಂದು ಹೆಣೆದ. ಬಟ್ಟೆ ಹರಿಯಬಾರದೆಂದು ಪ್ರತಿ ಕೊನೆಯನ್ನೂ ಉಜ್ಜಿ ದುಂಡಗೆ ಮಾಡಿದ. ತನ್ನ ಹೆಗಲ ಮೇಲಿನ ಟವೆಲ್ಲನ್ನು ಅದರ ಮೇಲೆ ಎಳೆದು ಎಳೆದು ನೋಡುತ್ತಿದ್ದ, ಎಲ್ಲಾದರೂ ಒಂದು ನೂಲು ಸಿಕ್ಕುತ್ತದೆಯೇ ಎಂದು. ಸೀಟಿನ ಹಿಂದೆ ಅವಳು ಹಿಡಿದುಕೊಳ್ಳಲು ಒಂದು ಹಿಡಿಯನ್ನೂ ಬೆಸೆದ. ನಾನು ಗೇಲಿ ಮಾಡಿದೆ, "ಏನ್ ಮಾವ, ಗಾಡಿ ಕಟ್ತಾ ಇದ್ದೀಯೋ ಪಲ್ಲಕ್ಕಿ ಕಟ್ತಾ ಇದ್ದೀಯೋ?" ಮಂಡಿಗೆ ಟಕ್ಕೆಂದಿತು.

ಕೊನೆಗೆ ಬೇಕಾದದ್ದು ಪಿಸ್ಟನ್ನು. ಮಳವಳ್ಳಿಯ ಗುಜರಿ ಅಂಗಡಿಯ ಭಾಯಿ ಮಾವನಿಗೆ ಹಳೇ ಸ್ನೇಹಿತರು. ಅವರಿಗೂ ಆಪರೇಷನ್ನಿನ ಸುದ್ದಿ ಮುಟ್ಟಿರಲಿಲ್ಲ. ಮಾವನ ದನಿಯಲ್ಲಿ ಕೇಳಿದೆ, ಹುಡುಕಿ ಇಡುತ್ತೇನೆಂದರು. ಫೋನಿಟ್ಟ ಮೇಲೆ ಅವರಿಗೆ ಅಳತೆ ಕೇಳುವುದು ಮರೆತದ್ದು ನೆನಪಾಯಿತು. ತಿರುಗಿ ಮಾಡಿದರೆ ಮಾವನ ಫೋನು ಎಂಗೇಜು. ನಾನು ಅಷ್ಟರಲ್ಲಿ ಇನ್ನೊಬ್ಬರಿಗೆ ಬಯ್ಯುತ್ತಿದ್ದೆ. ಅವರು ಅತ್ತೆಯ ನಂಬರಿಗೆ ಮಾಡಿದರು.

"ಅಮ್ಮಾ, ಯಜಮಾನ್ರಿಗೆ ಒಸಿ ಅಳತೆ ಯೋಳಕ್ ಯೋಳಿ. ಈಗ್ತಾನೆ ಮಾತಾಡುದ್ರು, ಅದ್ನೊಂದ್ ಕೇಳದು ಮರ್ತೋದೆ."

"ಯಾರು ಮಾತಾಡಿದ್ದು?" ಎಂದಳಂತೆ ಅತ್ತೆ.

"ಅವ್ರೇ ಕಣಮ್ಮ. ಅವ್ರ ಗಂಟ್ಲು ನಂಗೊತ್ತಿಲ್ವಾ? ಗಣಗಣ ಅಂತಿತ್ತು."

ಈ ಮಾತುಕತೆಯನ್ನು ಭಾಯಿ ನನಗೆ ಬಹಳ ದಿನಗಳ ಮೇಲೆ ಹೇಳಿದರು. ಆ ಹೊತ್ತಿನಲ್ಲಿ ನನಗೆ ಏನೂ ಗೊತ್ತಿಲ್ಲ. ಷಟರು ಅರ್ಧ ಇಳಿದಿತ್ತು, ಅತ್ತೆಗೆ ಕಾಣದಿರಲೆಂದು ಹಿಂಬಾಗಿಲೂ ಹಾಕಿತ್ತು. ಫೋನಿನ ಕೆಲಸ ಮುಗಿದಿತ್ತು. ಪಿಸ್ಟನ್ನೂ ಸಿಕ್ಕಂತೆಯೇ ಎಂಬ ಖುಷಿಯಲ್ಲಿ ಮಾವ ಕಾಲು ಚಾಚಿ ಕೂತಿದ್ದ. ನನಗೆ ಅವನನ್ನು ಇನ್ನೊಂದು ಸಲ ನಗಿಸುವ ಆಸೆ. ಎದ್ದು ನಿಂತು, ಅವನ ಹಾಗೇ ಕೈಯಿನ ಗ್ರೀಸು ಒರೆಸಿಕೊಳ್ಳುತ್ತಾ, ಅವನ ಹಾಗೇ ಕತ್ತು ಹೊರಳಿಸಿ, ಕೂಗಿಬಿಟ್ಟೆ:

"ಲೇ ಇವ್ಳೇ, ಎಸ್ರಿಕ್ಕೂ!"

ಷಟರಿನ ಆಚೆಯಿಂದ, ತೀರ ಹತ್ತಿರದಿಂದ, ಏದುಸಿರಿನಲ್ಲಿ ಉತ್ತರ ಬಂತು.

"ಇಕ್ಕಿವ್ನಿ, ಬನ್ನೀ!"

ಮರುಕ್ಷಣ ಅತ್ತೆ ಷಟರಿನ ಕೆಳಗೆ ಬಗ್ಗಿ ಒಳಗೆ ಬಂದಳು. ಮನೆಯಿಂದ ಓಡಿ ಬಂದಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೈಯಲ್ಲಿ ಅರಿಶಿನದ ಬಟ್ಟೆಯ ಪುಟ್ಟ ಗಂಟು. ಭಾಯಿಯ ಫೋನು ಇಟ್ಟ ಕೂಡಲೇ ಹರಕೆಯ ಕಾಸನ್ನು ಮುಡಿಪು ಕಟ್ಟಿಕೊಂಡು ಹೊರಟಿದ್ದಳು. ಮುಖ ತುಂಬ ನಗು. ಆ ನಗು ನನ್ನ ತೆರೆದ ಬಾಯಿಯನ್ನು ನೋಡಿತು. ಆಮೇಲೆ ಮಾವನನ್ನು ನೋಡಿತು. ಅವನ ಭುಜ ಇನ್ನೂ ಕುಣಿಯುತ್ತಿತ್ತು, ನಿಲ್ಲಿಸಿಕೊಳ್ಳಲು ಹೊತ್ತು ಸಿಕ್ಕಿರಲಿಲ್ಲ.

ನನಗೆ ಬಯ್ಯುತ್ತಾಳೆಂದು ಕಾದೆ. ಕೋಲು ಹಿಡಿದು ಅಟ್ಟಿದ್ದರೆ ಮಂಡ್ಯದವರೆಗೂ ಓಡುತ್ತಿದ್ದೆ. ಅವಳು ನನ್ನನ್ನು ನೋಡಲೇ ಇಲ್ಲ. ಮಾವನಿಗೆ ಅಂದಳು:

"ನೀವೂ ನಗ್ತಾ ಇದ್ರಾ?"

ಅಷ್ಟೇ. ಮತ್ತೆ ಬಗ್ಗಿ ಹೊರಗೆ ಹೋದಳು. ಬಗ್ಗುವಾಗ ಷಟರಿನ ಅಂಚು ತಲೆಗೆ ತಗುಲಿ ಢಣ್ ಎಂದಿತು. ಅವಳು ತಲೆ ಉಜ್ಜಿಕೊಳ್ಳಲೂ ಇಲ್ಲ.

ಮಾವ ಎದ್ದು, ಷಟರಿನ ಮೇಲಿದ್ದ ಬೈಗುಳಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ. ನಾನು ಏನೋ ಹೇಳಲು ಹೋದೆ. ಯಾರ ದನಿಯಲ್ಲಿ ಎಂದು ನನಗೇ ಗೊತ್ತಿಲ್ಲ. ಅವನು ನನ್ನ ಬಾಯಿಯ ಮೇಲೆ ಕೈ ಇಟ್ಟ. ಗ್ರೀಸಿನ ಕೈ. ಆ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಮಾರನೇ ದಿನದಿಂದ ಅತ್ತೆ ಕಾಫಿ ಲೋಟವನ್ನು ಸುಮ್ಮನೆ ಇಟ್ಟು ಹೋಗತೊಡಗಿದಳು. "ಅ ಅನ್ನಿ" ಎಂಬ ಮಾತು ನಿಂತಿತು. ಮನೆಯಲ್ಲಿ ಜಗಳವಿಲ್ಲ, ಮುನಿಸಿನ ಊಟವಿಲ್ಲ. ಮುದ್ದೆ ಗಡಿಯಾರದ ಪ್ರಕಾರ ಬರುತ್ತಿತ್ತು. ಮಾವ ಮಾತ್ರ ಅಂಗಡಿಯಲ್ಲಿ ಲೇತಿಗೆ ಕಬ್ಬಿಣ ಕಟ್ಟದೆ ಖಾಲಿ ಓಡಿಸಲು ಶುರುಮಾಡಿದ. ಯಾಕೆಂದು ನನಗೆ ತಿಳಿಯಲಿಲ್ಲ. ಒಂದು ದಿನ ಹಿಂಬಾಗಿಲಿನಿಂದ ಬಂದಾಗ ಕಂಡೆ. ಆ ಗದ್ದಲದ ಮರೆಯಲ್ಲಿ ನಿಂತು ಅವನು ಬಾಯಿ ತೆರೆದು, ಗಾಳಿ ನುಂಗಿ, ಹೊಟ್ಟೆಯಿಂದ ಹೊರಗೆ ದೂಡುತ್ತಿದ್ದ. ತೇಗಿನಂಥ ಒಂದು ಸದ್ದು. ಎರಡು ಅಕ್ಷರಕ್ಕಾಗಿ ಒದ್ದಾಡುತ್ತಿದ್ದ. ತುಟಿ ನೋಡಿದರೆ ಗೊತ್ತಾಗುತ್ತಿತ್ತು: "ಇವ್ಳೇ." ಮೊದಲನೆಯದು ಅರ್ಧ ಬರುತ್ತಿತ್ತು, ಎರಡನೆಯದು ಬರುತ್ತಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಅಣಕಿಸುವ ನಾನು ಆ ಸದ್ದನ್ನು ಮಾತ್ರ ಇವತ್ತಿನವರೆಗೂ ಅಣಕಿಸಿಲ್ಲ.

ಅಳತೆಯನ್ನು ಚೀಟಿಯಲ್ಲಿ ಬರೆದು ಕಳಿಸಿದ ಮೇಲೆ ಪಿಸ್ಟನ್ನು 'ಯಜಮಾನ್ರಿಗೆ' ಎಂದು ಭಾಯಿಯಿಂದ ಬಂತು. ಪೆಟ್ರೋಲಿಗೆ ಆಯಿಲ್ಲು ಬೆರೆಸಿ ಹಾಕಿ, ಗೇರಿನ ಕೋಲು ತಿರುಗಿಸಿ, ಮಾವ ಒದ್ದ. ಒದೆಯುತ್ತಲೇ ಇದ್ದ. ನಾನೂ ಒದ್ದೆ, ಚಪ್ಪಲಿ ಹಾರಿ ಎದುರಿನ ಟೀ ಅಂಗಡಿಗೆ ಹೋಯಿತು. ಕೊನೆಗೆ ಅದು ಕೆಮ್ಮಿ, ಉಗುಳಿ, ನೀಲಿ ಹೊಗೆ ಬಿಟ್ಟು ಎದ್ದಿತು. ಹಳೇ ಸೈಲೆನ್ಸರಿನ ಕಡೆಯಿಂದ ಟಣಟಣ ಎನ್ನುವ ಸ್ವಚ್ಛ ಸದ್ದು, ತಗಡಿನದರ ಕಡೆಯಿಂದ ಗೊಗ್ಗರು. ಒಂದು ಕಡೆ ಮಾತು, ಒಂದು ಕಡೆ ಗಂಟಲು ಕಟ್ಟಿದ್ದು. ಟೀ ಅಂಗಡಿಯವರು ಚಪ್ಪಾಳೆ ತಟ್ಟಿದರು.

ಮಾವ ಒಗೆದ ಶರಟು ಹಾಕಿಕೊಂಡು ಓಣಿಯ ಕೊನೆಯವರೆಗೆ ಓಡಿಸಿಕೊಂಡು ಹೋಗಿ ಮನೆ ಮುಂದೆ ನಿಲ್ಲಿಸಿದ. ನಾನು ಹಿಂದೆ ಹಿಂದೆ ಓಡಿದೆ. ಅವನು ಹಾರನ್ ಒತ್ತಿದ. ಅತ್ತೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಮಾವ ಹಿಂದಿನ ಸೀಟನ್ನು ಟವೆಲ್ಲಿನಿಂದ ಒರೆಸಿ, ಅವಳ ಕಡೆ ನೋಡಿ, ರಸ್ತೆಯ ಕಡೆ ಕತ್ತು ಆಡಿಸಿದ. ಅದು ಮುತ್ತತ್ತಿಗೆ ಎಂದು ಯಾರಿಗಾದರೂ ಗೊತ್ತಾಗುವ ಹಾಗಿತ್ತು.

ಅತ್ತೆ ಗಾಡಿಯನ್ನು ಒಂದು ಸಲ ಮುಂದಿನಿಂದ ಹಿಂದಕ್ಕೆ ನೋಡಿದಳು. "ಗಂಟ್ಲು ಕೊಟ್ಟು ಸಾಮಾನ್ ತರ್ಸಿದ್ದು ಅವ್ನು. ನಿಮ್ ಅಳಿಯನ್ನೇ ಕೂರಿಸ್ಕೊಂಡು ಓಗಿ" ಎಂದು ಒಳಗೆ ಹೋದಳು.

ಮಾವ ಇಂಜಿನ್ನು ನಿಲ್ಲಿಸಲಿಲ್ಲ. ಆಮೇಲೆ ನನಗೆ ಹತ್ತು ಎಂದು ಸನ್ನೆ ಮಾಡಿದ. ಅವಳಿಗೆಂದು ಬೆಸೆದ ಹಿಡಿಯನ್ನು ಹಿಡಿದುಕೊಂಡು, ಅವಳಿಗೆಂದು ಹೆಣೆದ ಹಂಬಿನ ಪಕ್ಕ ನನ್ನ ಜೀನ್ಸ್ ಕಾಲು ಇಳಿಬಿಟ್ಟುಕೊಂಡು ಕೂತೆ. ಇಷ್ಟು ನಾಚಿಕೆ ನನಗೆ ಯಾವ ವೇದಿಕೆಯ ಮೇಲೂ ಆಗಿಲ್ಲ. ಹಲಗೂರು ದಾಟಿತು. ಕಾಡಿನ ಇಳಿಜಾರು ಶುರುವಾಗುವಲ್ಲಿ ಮಾವ ನಿಲ್ಲಿಸಿ, ಇಳಿದು, ರಸ್ತೆಯ ಅಂಚಿನಲ್ಲಿ ನೆಲ ನೋಡುತ್ತಾ ನಿಂತ. ಅಲ್ಲಿ ಏನಿರಲು ಸಾಧ್ಯ, ಅಷ್ಟು ವರ್ಷದ ಹಿಂದಿನ ಸೀರೆಯ ಚೂರೇ? ಕೆಳಗಿನಿಂದ ಹೊಳೆಯ ಕಡೆಯ ತಂಪು ಗಾಳಿ ಬರುತ್ತಿತ್ತು. ಅವನ ಕತ್ತಿನ ಬಟ್ಟೆ ಮೆಲ್ಲಗೆ ಆಡುತ್ತಿತ್ತು. ಆಮೇಲೆ ಬಂದು ಗಾಡಿ ತಿರುಗಿಸಿದ. ಮುತ್ತತ್ತಿ ಮುಂದಿತ್ತು, ನಾವು ಹಿಂದಕ್ಕೆ ಬಂದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಗಂಟು ಮತ್ತೆ ಕಾಣಿಸಿಕೊಂಡಿತು, ಈ ಸಲ ಎದೆಯಲ್ಲಿ. ಅತ್ತೆ ಅವನನ್ನು ಮಗುವಿನಂತೆ ನೋಡಿಕೊಂಡಳು. ಮುದ್ದೆಯನ್ನು ಗಂಜಿ ಮಾಡಿ ಚಮಚದಲ್ಲಿ ಕುಡಿಸಿದಳು. ಕೊನೆಯ ದಿನಗಳಲ್ಲಿ ಅವನು ಅವಳ ಕೈ ಹಿಡಿದುಕೊಂಡು ಬಾಯಿ ತೆರೆಯುತ್ತಿದ್ದ. "ಸುಮ್ಕಿರಿ, ಆಯಾಸ ಆಯ್ತದೆ" ಎಂದು ಅವಳು ತುಟಿ ಒರೆಸುತ್ತಿದ್ದಳು. ಅವನು ಏನನ್ನುತ್ತಿದ್ದಾನೆಂದು ನನಗೊಬ್ಬನಿಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಎಲ್ಲ ಬಿಟ್ಟು ಆಗ.

ಮಾವ ಹೋದ ಸುದ್ದಿ ಕೇಳಿ ಜನ ಬಂದರು. ಟ್ಯಾಂಕಿನವನು, ಚಕ್ರದ ಮೇಷ್ಟರು, ಗುಜರಿ ಭಾಯಿ. ಒಬ್ಬೊಬ್ಬರೂ ಅತ್ತೆಯ ಮುಂದೆ ಕೂತು ಒಂದೇ ಮಾತು ಹೇಳಿದರು.

"ಮೊನ್ನೆ ಮೊನ್ನೆ ಮಾತಾಡಿದ್ರಲ್ಲಕ್ಕ! ನನ್ನೂ ಸೇರ್ಸಿ ಬಸ್ಸಿಗಾಕ್ತೀನಿ ಅಂತ ಬೈದಿದ್ರು" ಎಂದು ಕಿರುಗಾವಲಿನವನು ಬಿಕ್ಕಿ ಬಿಕ್ಕಿ ಅತ್ತ.

"ಆ ಗಂಟ್ಲು ಇನ್ನೂ ಕಿವೀಲದೆ ಕಣಮ್ಮ" ಎಂದರು ಭಾಯಿ.

ನಾನು ಗೋಡೆಗೆ ಒರಗಿ ನಿಂತಿದ್ದೆ. ಈಗ ಹೇಳುತ್ತಾಳೆ, ಅದು ಇವನು ಎಂದು ಬೆರಳು ತೋರಿಸುತ್ತಾಳೆ ಎಂದು ಕಾದೆ. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಪ್ರತಿಯೊಬ್ಬರಿಗೂ, "ಊಂ, ಮಾತಾಡ್ತಾ ಇದ್ರು" ಎಂದಳು. ಅವರೆಲ್ಲರ ಪಾಲಿಗೆ ಅವನ ಕೊನೆಯ ಮಾತು ಇತ್ತು. ಅವಳೊಬ್ಬಳಿಗೆ ಇರಲಿಲ್ಲ. ಇದ್ದ ಆ ಒಂದು ಕೂಗನ್ನೂ ನಾನು ಕೆಡಿಸಿದ್ದೆ.

ಈಗ ಲೇತು ಅಂಗಡಿಯನ್ನು ನಾನೇ ನೋಡಿಕೊಳ್ಳುತ್ತೇನೆ. ಆರ್ಕೆಸ್ಟ್ರಾ ಹಬ್ಬಗಳಿಗೆ ಮಾತ್ರ. ನಾನು ಕಡೆದ ಬುಷ್ಷು ಗಾಣದಲ್ಲಿ ಕಿರುಗುಟ್ಟುತ್ತದೆ, ಆಲೆಮನೆಯವರು ಅದನ್ನು ಅಣಕಿಸಿ ತೋರಿಸುತ್ತಾರೆ. ನ್ಯಾಯವೇ. ಮಧ್ಯಾಹ್ನದ ಊಟ ಅತ್ತೆಯ ಮನೆಯಲ್ಲಿ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ.

ಮೊನ್ನೆ ಒಂದು ದಿನ ಗಾಡಿಯ ಧೂಳು ಹೊಡೆದು, ಓಣಿಯ ಕೊನೆಗೆ ತಂದು ನಿಲ್ಲಿಸಿದೆ. ಹಾರನ್ ಒತ್ತಲಿಲ್ಲ. ಬಾಗಿಲಲ್ಲಿ ನಿಂತು ಕರೆದೆ.

"ಅತ್ತೆ, ಬಾ ಕೂತ್ಕ. ಮುತ್ತತ್ತಿಗೆ ಓಗ್ಬರನ."

ಅವಳು ಮೆಟ್ಟಿಲಿಳಿದು ಬಂದಳು. ಕೂರಲಿಲ್ಲ. ಮೊದಲ ಸಲ ಗಾಡಿಯ ಹತ್ತಿರ ಬಗ್ಗಿ, ಸೀರೆ ಗಾರ್ಡಿನ ಹಂಬಿನ ಮೇಲೆ ಬೆರಳಾಡಿಸಿದಳು. ದುಂಡಗೆ ಉಜ್ಜಿದ ಒಂದೊಂದು ಕೊನೆಯನ್ನೂ ಮುಟ್ಟಿ ನೋಡಿದಳು. ಸೆರಗಿನ ತುದಿಯನ್ನು ತೆಗೆದು ಅದರ ಮೇಲೆ ಎಳೆದಳು. ಒಂದು ನೂಲೂ ಸಿಕ್ಕಲಿಲ್ಲ.

"ಇದ್ನ ಯಾವಾಗ್ ಮಾಡುದ್ರು?"

"ಎಲ್ಲಕ್ಕಿಂತ ಮೊದ್ಲು. ಚಕ್ರ ಬರಕ್ ಮುಂಚೆನೇ."

ಅವಳು ಬಗ್ಗಿದವಳು ಏಳಲಿಲ್ಲ. ಬೆನ್ನು ಅಲುಗುತ್ತಿತ್ತು. ಮಧ್ಯಾಹ್ನದ ಹೊತ್ತು, ಓಣಿ ಖಾಲಿ, ಆ ಹಳೇ ಕೂಗು ಬರಬೇಕಾದ ಸಮಯ. ಅವಳಿಗೆ ಬೇಕಾದದ್ದು ಅದೊಂದೇ, ಅದು ನನ್ನ ಗಂಟಲಲ್ಲಿ ಹಾಗೇ ಇದೆ, ಕೊಟ್ಟುಬಿಡೋಣ ಎನ್ನಿಸಿತು. ಈ ಸಲ ಕೇಳಿಕೊಂಡೇ ಮಾಡೋಣ ಎನ್ನುವಷ್ಟು ಬುದ್ಧಿ ಮಾತ್ರ ಬಂದಿತ್ತು.

"ಅತ್ತೆ," ಎಂದೆ, "ಒಂದೇ ಒಂದ್ಸಲ... ಅವನಂಗೆ ಕೂಗ್ಲಾ?"

ಅವಳು ಎದ್ದು ನಿಂತು, ಕಣ್ಣು ಒರೆಸಿಕೊಂಡು, ಷಟರಿನ ಕೆಳಗೆ ಬಗ್ಗಿ ಬಂದ ಆ ದಿನದಿಂದ ಈಚೆಗೆ ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು.

"ಬ್ಯಾಡ ಕಣ್ಲಾ. ಅವ್ರ ಗಂಟ್ಲು ಅವ್ರ ಜೊತೇಲೇ ಓಯ್ತು. ಅಸಿವಾಗಿದ್ರೆ ನಿನ್ ಗಂಟ್ಲಲ್ಲಿ ಕೇಳು, ಎಸ್ರಿಕ್ತೀನಿ."